ಮಾನಸೋಲ್ಲಾಸದ ಮತ್ಸ್ಯವಿನೋದವೂ ತುಂಗಭದ್ರೆಯ ಹಿರಿಮೀನುಗಳೂ

ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ (ಕ್ರಿ. ಶ. 1127–1138) ‘ಮಾನಸೋಲ್ಲಾಸ’ವು ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರಿನಿಂದಲೂ ವಿದ್ವಾಂಸರಿಗೆ ಪರಿಚಿತವಾಗಿದೆ. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ಈ ಸಂಸ್ಕೃತ ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ಅರಸನ ವಿನೋದಗಳನ್ನು ವರ್ಣಿಸಿದೆ. ಅವುಗಳಲ್ಲೊಂದು ಮತ್ಸ್ಯವಿನೋದ, ಎಂದರೆ ಗಾಳ ಹಾಕಿ ಮೀನು ಹಿಡಿಯುವ ವಿನೋದ. ಇಂಗ್ಲೆಂಡಿನಲ್ಲಿ ಈ ವಿಷಯವನ್ನು ಕುರಿತ ಪ್ರಬಂಧವು ಮೊದಲು ಅಚ್ಚಾದುದು 1496ರಲ್ಲಿ. ಅದಕ್ಕಿಂತ ಮೂರೂವರೆ ಶತಮಾನಗಳಷ್ಟು ಹಿಂದೆಯೇ ಕನ್ನಡ ನಾಡಿನ ದೊರೆಯೊಬ್ಬನು ಇದನ್ನು ಶಾಸ್ತ್ರವಿಷಯವಾಗಿ ಗಣಿಸಿದ್ದನು.

ಮೀನುಗಳ ಜಾತಿಭೇದ, ಅವುಗಳಿಗೆ ಒಗ್ಗುವ ಆಹಾರ, ಗಾಳದ ಕೋಲು, ಹುರಿ, ಎರೆ ಇವೆಲ್ಲವೂ ಈ ಅಧ್ಯಾಯದ ವಿಷಯಗಳು. ಮೀನುಗಳನ್ನು ನದಿಯವು, ಕಡಲಿನವು, ಹುರುಪೆಯುಳ್ಳವು, ಹುರುಪೆಯಿಲ್ಲದವು, ಹಿರಿಯವು, ಕಿರಿಯವು ಎಂದು ವಿಂಗಡಿಸಿದೆ. ಇಂತಹ ಅರಿವು ಅರಮನೆಯಲ್ಲಿ ಹುಟ್ಟತಕ್ಕುದಲ್ಲ. ಮಳೆಗಾಲದಲ್ಲಿ ಹೊಳೆಯನ್ನೇರಿ ಮೊಟ್ಟೆಯಿಡುವ ಹಿರಿಮೀನುಗಳು, ಕಾರ್ತಿಕ ಮಾರ್ಗಶಿರಗಳಲ್ಲಿ ನೀರು ಇಳಿದು ತಿಳಿಯಾದಾಗ ಆಳವಾದ ಮಡುಗಳನ್ನು ಸೇರುತ್ತವೆ. ಯಾವ ಮಡುವಿನಲ್ಲಿ ಯಾವ ಮೀನು ನಿಲ್ಲುವುದು, ಯಾವ ಎರೆಗೆ ಬಾಯ್ದೆರೆಯುವುದು ಎಂಬುದನ್ನು ಬಲ್ಲವರು ಬೆಸ್ತರು ಮತ್ತು ಅಂಬಿಗರು. ಗ್ರಂಥವು ದೊರೆಯ ಹೆಸರಿನದಾದರೂ ಅದರ ಮೂಲದ್ರವ್ಯವು ಹೊಳೆಯ ಜನರದೆಂದು ಊಹಿಸುವುದು ಯುಕ್ತವಾಗಿದೆ.

ಚಾಳುಕ್ಯರ ಸಾಮಂತರಾದ ಉಚ್ಚಂಗಿಯ ಪಾಂಡ್ಯರು ಆಳಿದ ನಾಡಿನ ಅಂಚಿನಲ್ಲಿಯೇ, ಹರಿದ್ರೆಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿ, ಹರಿಹರವಿದೆ. ಅಲ್ಲಿಂದ ಹೊಳೆಯ ಕೆಳದಿಕ್ಕಿನಲ್ಲಿರುವ ಚೌಡದಾನಪುರವು ಅದೇ ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಡನೆ ಬೆಸೆದುಕೊಂಡಿದೆ. ಒಂದೇ ಶತಮಾನದಲ್ಲಿ ದೊರೆಯು ಸಂಸ್ಕೃತದಲ್ಲಿ ಮೀನುಗಳ ಪಟ್ಟಿಯನ್ನು ಬರೆದನು. ಅಂಬಿಗನು ಕನ್ನಡದಲ್ಲಿ ವಚನಗಳನ್ನು ನುಡಿದನು. ಆದರೆ ಹೊಳೆಯವರು ಮೀನುಗಳಿಗೆ ಇಟ್ಟಿದ್ದ ಹೆಸರುಗಳನ್ನೆಲ್ಲ ವಿವರಿಸಿ ಬರೆದಿಡುವ ಹೊಣೆಯನ್ನು ಇಬ್ಬರೂ ಹೊತ್ತಿರಲಿಲ್ಲ.

ಇದರಿಂದಾದ ತೊಡಕು ಸಣ್ಣದಲ್ಲ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ವಿವೇಚಿಸಿದ ಮೇಲೆ, ಗ್ರಂಥದ ಹೆಸರುಗಳನ್ನು ಇಂದಿನ ಮೀನುಗಳಿಗೆ ಹೊಂದಿಸುವ ಕಾರ್ಯಕ್ಕೆ ದಾರಿಯಾಯಿತು. ‘ಪಾಠೀನ’ವನ್ನು ಹುರುಪೆಯಿಲ್ಲದ ಬಾಳೆಮೀನೆಂದು ಕೊಂಡರೆ ಬಾಧಕವಿಲ್ಲ, ಆ ಮೀನು ತುಂಗಭದ್ರೆಯಲ್ಲಿಯೂ ಉಂಟು. ‘ರೋಹಿತ’ದ ಮಾತು ಬೇರೆ. ಇಂದು ರೋಹು ಎನ್ನಿಸುವ ಮೀನು ಮುಖ್ಯವಾಗಿ ಉತ್ತರದ ಹೊಳೆಗಳದು. ದಕ್ಷಿಣದ ಜಲಾಶಯಗಳಲ್ಲಿ ಅದನ್ನು ಬಿಟ್ಟು ಬೆಳೆಸಿದುದು ಇತ್ತೀಚಿನ ಸಂಗತಿ. ಆದುದರಿಂದ ಸೋಮೇಶ್ವರನ ‘ರೋಹಿತ’ವು ಕೋಶದಿಂದ ಬಂದ ಹೆಸರೋ, ಇಲ್ಲಿಯ ಬೇರೊಂದು ಕೆಂಬಣ್ಣದ ಮೀನಿಗೆ ಸಂದ ಹೆಸರೋ ಎಂಬುದು ವಿಚಾರಾರ್ಹವಾಗಿದೆ. ಶಬ್ದವೊಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಆಗಬೇಕಾಗಿಲ್ಲ.

ಇದನ್ನು ನಿರ್ಣಯಿಸಲು ಕೋಶಗಳು ಸಾಲವು. ಹೊಳೆಯ ಸಾಕ್ಷ್ಯವೂ ಬೇಕು. ಆ ಸಾಕ್ಷ್ಯವಾದರೋ ಕ್ಷೀಣಿಸುತ್ತಿದೆ. 1953ರಲ್ಲಿ ಹೊಸಪೇಟೆಯ ಬಳಿ ಕಟ್ಟಿ ಮುಗಿದ ಅಣೆಕಟ್ಟು ಕೆಳಗಿನಿಂದ ಮೇಲೇರುವ ಮೀನುಗಳ ಹಾದಿಯನ್ನು ತಡೆಯಿತು. ಶೃಂಗೇರಿಯ ತುಂಗಾತೀರದಲ್ಲಿ ದೇವರ ಮೀನುಗಳೆಂದು ರಕ್ಷಿತವಾದವು ಉಳಿದಿವೆ. ಅಂತಹ ಆಶ್ರಯವಿಲ್ಲದೆಡೆಗಳಲ್ಲಿ ಹಿರಿಮೀನುಗಳು ವಿರಳವಾಗುತ್ತಿವೆ. ಮೀನು ಹೋದರೆ ಅದರ ಹೆಸರು ಒಂದೆರಡು ತಲೆಮಾರುಗಳೊಳಗೆ ನಾಲಗೆಯಿಂದ ಜಾರುವುದು. ಹರಿಹರದಿಂದ ಚೌಡದಾನಪುರದವರೆಗಿನ ಅಂಬಿಗರ ಮನೆಗಳಲ್ಲಿ ಮೀನಿನ ಹೆಸರುಗಳನ್ನೂ, ಅವು ದೊರಕುವ ಮಡು ಮಾಸಗಳನ್ನೂ ಸಂಗ್ರಹಿಸಿದಲ್ಲಿ ಮಾನಸೋಲ್ಲಾಸಕ್ಕೆ ನಂಬತಕ್ಕ ಟೀಕೆಯೊಂದು ಕನ್ನಡದಲ್ಲಿಯೇ ಸಿದ್ಧವಾಗುವುದು.