ಮೋಟಾರಿನ ಸೆಲ್ಫ್: ಅದರ ಕಥೆ, ಅದರ ಸದ್ದು

ಹನುಮಸಾಗರದಂಥ ಊರಿನಲ್ಲಿ ಹಳೆಯ ಅಂಬಾಸಡರ್ ಕಾರೊಂದನ್ನು ಜೋಪಾನ ಮಾಡಿಕೊಂಡು ಬಂದಿರುವವರು ನೀವಾದರೆ, ಕೀಲಿ ತಿರುಗಿಸಿದೊಡನೆ ಏಳುವ ಕರಕರ ಸದ್ದು ನಿಮಗೆ ಹೊಸದಲ್ಲ. “ಸೆಲ್ಫ್ ಹೋಯಿತು” ಎಂದು ಕೂಡಲೇ ಹೊಸದಕ್ಕೆ ಹಣ ತೆರುವವರುಂಟು. ಆದರೆ ಈ ಯಂತ್ರ ಹುಟ್ಟಿ ಬೆಳೆದ ಬಗೆಯನ್ನು ಬಲ್ಲವರಿಗೆ ಅದರ ಸದ್ದೇ ರೋಗದ ಗುರುತನ್ನು ಹೇಳಿಬಿಡುತ್ತದೆ.

ಮೊದಮೊದಲಿನ ಮೋಟಾರುಗಳಿಗೆ ಸೆಲ್ಫ್ ಇರಲಿಲ್ಲ. ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ, ತೋಳಿನ ಬಲದಿಂದ ಎಂಜಿನ್ನನ್ನು ತಿರುಗಿಸಬೇಕಾಗಿತ್ತು. ಕಿಡಿಯು ಹೊತ್ತಿಗೆ ಮುಂಚೆ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತಿತ್ತು. ಹಿಡಿದವನ ಮಣಿಕಟ್ಟಿನ ಎಲುಬು ಮುರಿಯುತ್ತಿತ್ತು. ವೈದ್ಯರು ಆ ಮುರಿತಕ್ಕೆ ಮೋಟಾರು ಚಾಲಕನ ಹೆಸರನ್ನೇ ಇಟ್ಟು “ಶೋಫರನ ಮುರಿತ” ಎಂದು ಕರೆದರು.

ಈ ಸಂಕಟಕ್ಕೆ ಉಪಾಯ ಕಂಡವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನು ಅದಕ್ಕೆ ಮುಂಚೆ ಅಂಗಡಿಗಳ ನಗದು ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದ್ದನು. ಕ್ಷಣಕಾಲ ಮಾತ್ರ ದುಡಿಯುವ ಮೋಟಾರಿನಿಂದ ಅದರ ಗಾತ್ರಕ್ಕೆ ಮೀರಿದ ಕೆಲಸ ಪಡೆಯಬಹುದೆಂಬುದು ಅವನು ಅಲ್ಲಿ ಕಂಡುಕೊಂಡ ತತ್ತ್ವ. ಆ ತತ್ತ್ವದ ಮೇಲೆ ರಚಿಸಿದ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಆದುದರಿಂದಲೇ ಇಂದಿಗೂ ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

ಇನ್ನೊಂದು ತೊಡಕು ಉಳಿದಿತ್ತು. ಸೆಲ್ಫಿನ ಪುಟ್ಟ ಹಲ್ಲುಗಾಲಿ ಎಂಜಿನ್ನಿನ ಫ್ಲೈವೀಲಿನ ಹಲ್ಲುಗಳನ್ನು ಕೂಡಬೇಕು. ಎಂಜಿನ್ ಹತ್ತಿಕೊಂಡ ಕ್ಷಣದಲ್ಲಿ ಬಿಟ್ಟು ಸರಿಯಬೇಕು. ವಿನ್ಸೆಂಟ್ ಬೆಂಡಿಕ್ಸ್ ಎಂಬವನು ಈ ಗಾಲಿಯನ್ನು ಸುರುಳಿ ತಿರುಪಿನ ಮೇಲೆ ಕೂರಿಸಿದನು. ಮೋಟಾರು ತಿರುಗಿದಾಗ ಅದು ಮುಂದಕ್ಕೆ ಜಿಗಿಯುತ್ತದೆ. ಎಂಜಿನ್ನಿನ ವೇಗ ಮೀರಿದಾಗ ತಾನಾಗಿ ಹಿಂದೆ ಸರಿಯುತ್ತದೆ. ನಮ್ಮ ಮಿಸ್ತ್ರಿಗಳು ಆ ಭಾಗವನ್ನು ಇಂದಿಗೂ “ಬೆಂಡಿಕ್ಸ್” ಎಂದೇ ಕರೆಯುತ್ತಾರೆ. ಮುಂದೆ ಬಂದ ಸೆಲ್ಫುಗಳಲ್ಲಿ ಗಾಲಿಯನ್ನು ಮುಂದಕ್ಕೆ ತಳ್ಳುವ ಕೆಲಸ ಸಾಲಿನಾಯ್ಡ್ ಎಂಬ ವಿದ್ಯುದಯಸ್ಕಾಂತದ ಪಾಲಾಯಿತು.

ಆ ಕಾಲದಲ್ಲಿ ನಮ್ಮ ಕುಷ್ಟಗಿ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ರೈಲ್ವೆ ಇಲಾಖೆಯೇ 1932ರಲ್ಲಿ 27 ಬಸ್ಸುಗಳೊಡನೆ ಸರ್ಕಾರಿ ಮೋಟಾರು ಸಂಚಾರವನ್ನು ತೆರೆಯಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಆ ದಶಕ ಮುಗಿಯುವುದರೊಳಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರ್ ರಸ್ತೆಗಿಳಿದಿತ್ತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಉಳಿದಿರುವ ಕಾರುಗಳ ಸೆಲ್ಫಿನ ಮಾತನ್ನು ನಾವು ಕಿವಿಗೊಟ್ಟು ಕೇಳಬೇಕಾಗಿದೆ.

“ಟಕ್ ಟಕ್ ಟಕ್” ಎಂದು ಬಿಡದೆ ಬಡಿದರೆ ದೋಷ ಬಹುಮಟ್ಟಿಗೆ ಬ್ಯಾಟರಿಯದು, ಇಲ್ಲವೆ ಕಿಲುಬು ಹಿಡಿದ ಟರ್ಮಿನಲ್ಲಿನದು. ಮೊದಲು ಅವನ್ನು ಉಜ್ಜಿ ಬಿಗಿಮಾಡಿ. ಎಂಜಿನ್ ಅಲುಗದೆ ಸೆಲ್ಫ್ ಮಾತ್ರ “ಗುಂಯ್” ಎಂದು ತಿರುಗಿದರೆ ಗಾಲಿ ಮುಂದೆ ಬರುತ್ತಿಲ್ಲವೆಂದು ತಿಳಿಯಿರಿ. ಹಳೆಯ ಬೆಂಡಿಕ್ಸ್ ತಿರುಪಿಗೆ ಎಣ್ಣೆ ಬಳಿದರೆ ಧೂಳು ಅಂಟಿ ಹೀಗಾಗುತ್ತದೆ. ಸೆಲ್ಫನ್ನು ಬಿಚ್ಚಿಸಿ ಸೀಮೆಎಣ್ಣೆಯಲ್ಲಿ ತೊಳೆಸಿ, ಒಣಗಿಸಿದರೆ ಸಾಕಾಗಬಹುದು. ಎಂಜಿನ್ ಹತ್ತಿದ ಮೇಲೂ ಕೀರಲು ಧ್ವನಿ ನಿಲ್ಲದಿದ್ದರೆ ಗಾಲಿ ಬಿಟ್ಟುಕೊಂಡಿಲ್ಲ. ಕೂಡಲೇ ಎಂಜಿನ್ ಆರಿಸಿ.

ಕರಕರ ಸದ್ದಿಗೆ ಮೊದಲು ಸೆಲ್ಫಿನ ಬೋಲ್ಟುಗಳನ್ನು ನೋಡಿ. ಅವು ಬಿಗಿಯಾಗಿದ್ದರೆ ಹಲ್ಲುಗಳನ್ನು ಪರೀಕ್ಷಿಸಿರಿ. ನಾಲ್ಕು ಸಿಲಿಂಡರಿನ ಎಂಜಿನ್ ಸಾಮಾನ್ಯವಾಗಿ ಎರಡೇ ಠಾವುಗಳಲ್ಲಿ ನಿಲ್ಲುವುದರಿಂದ ಫ್ಲೈವೀಲಿನ ಹಲ್ಲು ಅಲ್ಲಿಯೇ ಹೆಚ್ಚು ಸವೆಯುತ್ತದೆ. ಇಗ್ನಿಷನ್ ಆರಿಸಿ, ಟಾಪ್ ಗೇರಿಗೆ ಹಾಕಿ, ಕಾರನ್ನು ತುಸು ಹಿಂದೆ ಮುಂದೆ ನೂಕಿ. ಬಳಿಕ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಸೆಲ್ಫ್ ಹೊಡೆಯಿರಿ. ಸದ್ದು ಅಡಗಿದರೆ ಸವೆದಿರುವುದು ಫ್ಲೈವೀಲಿನ ಹಲ್ಲು. ಹೊಸ ಸೆಲ್ಫ್ ಹಾಕಿಸಿದರೂ ಪ್ರಯೋಜನವಿಲ್ಲ.

ಸೆಲ್ಫನ್ನು ಬಿಚ್ಚುವ ಮುನ್ನ ಬ್ಯಾಟರಿಯ ಅರ್ಥ್ ತಂತಿಯನ್ನು ತಪ್ಪದೆ ಕಳಚಿರಿ. ಅನಿವಾರ್ಯವಾಗಿ ಹ್ಯಾಂಡಲ್ ಹೊಡೆಯಬೇಕಾಗಿ ಬಂದರೆ, ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ನೂರು ವರ್ಷಗಳ ಹಿಂದೆ ಕೈಮುರಿದುಕೊಂಡವರಿಂದ ಬಂದ ಪಾಠವಿದು. ಹಳೆಯ ಕಾರನ್ನು ಇಟ್ಟುಕೊಂಡವರು ಅದನ್ನು ಮರೆಯುವಂತಿಲ್ಲ.