ಮುಳುಗಿದ ಭತ್ತದ ಎರಡು ಉಪಾಯ

ಭತ್ತ ನೀರಿನ ಬೆಳೆ ಎಂಬುದು ಅರ್ಧ ಸತ್ಯ. ಅದರ ಬುಡ ನೀರಿನಲ್ಲಿರಬೇಕು, ತಲೆ ಗಾಳಿಯಲ್ಲಿರಬೇಕು. ನೆರೆ ಬಂದು ಪೈರು ಪೂರ್ತಿ ಮುಳುಗಿದರೆ ಸಾಮಾನ್ಯ ತಳಿಗಳು ಒಂದು ವಾರದ ಮೇಲೆ ಬದುಕುವುದು ಕಷ್ಟ. ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿದ್ದುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಕಮಲದ ದಂಟಿನಲ್ಲಿ ಕಾಣುವಂಥ ಗಾಳಿಯ ಪೊಳ್ಳುಗಳು ಭತ್ತದಲ್ಲೂ ಇವೆ. ಎಲೆಯಿಂದ ಬೇರಿಗೆ ಉಸಿರು ಇಳಿಯುವುದು ಅವುಗಳ ಮೂಲಕವೇ. ಆದರೆ ಎಲೆಯ ತುದಿಯೇ ಮುಳುಗಿದ ಮೇಲೆ ಪೊಳ್ಳಿದ್ದೇನು ಫಲ?

ಇದಕ್ಕೆ ಬಂಗಾಳದ ತಗ್ಗುಭೂಮಿಯ ರೈತರ ಬಳಿ ಹಳೆಯ ಉತ್ತರವೊಂದಿದೆ. ಅಲ್ಲಿನ ಆಳನೀರಿನ ಭತ್ತ ನೀರು ಏರಿದಂತೆ ತಾನೂ ಏರುತ್ತದೆ, ಕೆಲವೊಮ್ಮೆ ದಿನಕ್ಕೆ 20-25 ಸೆಂಟಿಮೀಟರ್! ಮುಳುಗಿದ ಗಿಡದೊಳಗೆ ಎಥಿಲೀನ್ ಅನಿಲ ಹೊರಹೋಗಲಾರದೆ ಶೇಖರವಾಗುತ್ತದೆ. ಅದೇ ಗಿಡಕ್ಕೆ ‘ಬೆಳೆ’ ಎಂಬ ಆಜ್ಞೆ. ಆಜ್ಞೆಯನ್ನು ನಡೆಸುವ ಎರಡು ಜೀನ್‌ಗಳನ್ನು 2009ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿ ‘ಸ್ನಾರ್ಕೆಲ್’ ಎಂದು ಹೆಸರಿಟ್ಟರು. ಮುಳುಗುಗಾರನ ಉಸಿರುಕೊಳವೆಯ ಹೆಸರು, ತಕ್ಕುದೇ.

ಒಡಿಶಾದ ಕಷ್ಟ ಬೇರೆ. ಅಲ್ಲಿ ನೆರೆ ಹಠಾತ್ತನೆ ಬಂದು ಕೆಲವೇ ದಿನಗಳಲ್ಲಿ ಇಳಿದುಬಿಡಬಹುದು. ಎತ್ತರಕ್ಕೆ ಓಡಿದ ಗಿಡ ಕೂಡಿಟ್ಟ ಶಕ್ತಿಯನ್ನೆಲ್ಲ ಖರ್ಚುಮಾಡಿ, ನೀರಿಳಿದೊಡನೆ ನೆಲಕ್ಕೆ ಒರಗುತ್ತದೆ. ಅಲ್ಲಿನ ನಾಡತಳಿಯಿಂದ ಆಯ್ದ ‘ಎಫ್‌ಆರ್ 13ಎ’ ಇದಕ್ಕೆ ತದ್ವಿರುದ್ಧ. ಮುಳುಗಿದೊಡನೆ ಬೆಳವಣಿಗೆ ನಿಲ್ಲಿಸಿ, ಪಿಷ್ಟ ಉಳಿಸಿಕೊಂಡು ಸುಮ್ಮನಿರುತ್ತದೆ. ನೀರಿಳಿದ ಮೇಲೆ ಹೊಸ ಎಲೆ ಬಿಡುತ್ತದೆ. ಸೋಜಿಗವೆಂದರೆ ಇಲ್ಲಿಯೂ ಆಜ್ಞೆ ಕೊಡುವುದು ಅದೇ ಎಥಿಲೀನ್.

ಎಫ್‌ಆರ್ 13ಎ ಇಳುವರಿಯಲ್ಲಿ ಹಿಂದೆ. ಹಾಗಾಗಿ ಅದನ್ನು ಹಾಗೆಯೇ ಬಿತ್ತಿ ಎಂದರೆ ಯಾರೂ ಒಪ್ಪುವಂತಿರಲಿಲ್ಲ. ತಾಳಿಕೆಯ ಗುಟ್ಟು 9ನೇ ವರ್ಣತಂತುವಿನಲ್ಲಿದೆ ಎಂದು 1996ರಲ್ಲಿ ಕೆನಾಂಗ್ ಶು ಮತ್ತು ಡೇವಿಡ್ ಮ್ಯಾಕಿಲ್ ತೋರಿಸಿದರು. ‘ಸಬ್1ಎ’ ಎಂಬ ಜೀನ್ ಕೈಗೆ ಸಿಕ್ಕಿದ್ದು 2006ರಲ್ಲಿ. ಜನಪ್ರಿಯ ‘ಸ್ವರ್ಣ’ ತಳಿಯೊಂದಿಗೆ ಮತ್ತೆ ಮತ್ತೆ ಸಂಕರ ಮಾಡಿ ಆ ಗುಣವೊಂದನ್ನೇ ಸೇರಿಸಲಾಯಿತು. ಇದು ಕುಲಾಂತರಿಯಲ್ಲ, ಗಮನಿಸಿ. 2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ‘ಸ್ವರ್ಣ-ಸಬ್1’ ಎರಡು ವಾರಗಳವರೆಗೂ ಮುಳುಗಿದ್ದು ಚೇತರಿಸಿಕೊಳ್ಳಬಲ್ಲದು. ನೆರೆಯಿಲ್ಲದ ವರ್ಷ ಇಳುವರಿಯಲ್ಲೂ ಸ್ವರ್ಣಕ್ಕೆ ಸಮ.

ಒಡಿಶಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇದರ ಲಾಭ ಪರಿಶಿಷ್ಟ ಜಾತಿಯ ರೈತರಿಗೇ ಹೆಚ್ಚು ಎಂದಿತು. ಕಾರಣ ಸರಳ: ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ನೆರೆಗೆ ಸಿಕ್ಕುವ ತಗ್ಗು ಜಮೀನು.

ಆದರೆ ನೀರು ತಿಂಗಳುಗಟ್ಟಲೆ ನಿಲ್ಲುವ ಹೊಲಕ್ಕೆ ಈ ತಳಿ ಹೊಂದದು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಸಮಸ್ಯೆ ಇನ್ನೂ ಒಂದು ಹೆಚ್ಚು, ಉಪ್ಪು. ಅಲ್ಲಿ ಉಪ್ಪನ್ನೂ ನೆರೆಯನ್ನೂ ತಾಳುವ ಭತ್ತ ಕುಮಟಾ ಕಡೆಯವರ ‘ಕಗ್ಗ’.