ಏಳು ಮಂದಿ ಹೆಂಗಸರ ಮೆರವಣಿಗೆ

1966ರ ಏಪ್ರಿಲ್ 18ರಂದು ಮುಂಬಯಿಯಲ್ಲಿ ಏಳು ಮಂದಿ ಮುಸ್ಲಿಂ ಹೆಂಗಸರು ಕೌನ್ಸಿಲ್ ಹಾಲಿಗೆ ಮೆರವಣಿಗೆ ಹೊರಟರು. ರೀಗಲ್ ಚಿತ್ರಮಂದಿರದ ಎದುರಿನ, ಇಂದು ರಾಜ್ಯ ಪೊಲೀಸರ ಪ್ರಧಾನ ಕಚೇರಿಯಾಗಿರುವ ಕಲ್ಲುಕಟ್ಟಡದಲ್ಲಿ ಆಗ ವಿಧಾನಮಂಡಲ ಸೇರುತ್ತಿತ್ತು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಮೂರು ತಲಾಖ್ ನಿಲ್ಲಬೇಕು, ಬಹುಪತ್ನಿತ್ವ ನಿಲ್ಲಬೇಕು ಎಂಬುದು ಅವರ ಬೇಡಿಕೆ. ಲಕ್ಷ ಜನರ ಮೋರ್ಚಾಗಳನ್ನು ಕಂಡ ಈ ಊರಿಗೆ ಏಳು ಯಾವ ಲೆಕ್ಕ? ಆದರೆ ತನ್ನ ಮದುವೆಯ ಕಾನೂನನ್ನು ಬೀದಿಗೆ ತಂದು ಪ್ರಶ್ನಿಸಿದ ಹೆಂಗಸು ಸಂಜೆ ಅದೇ ಮನೆಗೆ, ಅದೇ ಮೊಹಲ್ಲಾಕ್ಕೆ ಹಿಂದಿರುಗಬೇಕಿತ್ತು ಎಂಬುದನ್ನು ನೆನೆದರೆ ಆ ಸಂಖ್ಯೆ ಸಣ್ಣದೆನಿಸುವುದಿಲ್ಲ.

ಅದನ್ನು ಸಂಘಟಿಸಿದವರು ಕೊಂಕಣದ ಚಿಪಳೂಣದ ಬಳಿಯ ಮಿರ್‌ಜೋಳಿಯಿಂದ ಬಂದ ಮರಾಠಿ ಕಥೆಗಾರ ಹಮೀದ್ ದಲವಾಯಿ. ನಡೆದವರಲ್ಲಿ ಅವರ ಪತ್ನಿ ಮೆಹರುನ್ನಿಸಾ ಒಬ್ಬರು. 1970ರಲ್ಲಿ ದಲವಾಯಿ ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಳವನ್ನು ಸ್ಥಾಪಿಸಿದರು. ಹೆಸರಿನಲ್ಲೇ ಜ್ಯೋತಿಬಾ ಫುಲೆಯವರ ಋಣ ಕಾಣುತ್ತದೆ. ಸಮುದಾಯದೊಳಗೆ ಅವರಿಗೆ ಬಿರುಸಾದ ವಿರೋಧವಿತ್ತು. ಹೊರಗಿನಿಂದ ಬಂದ ಚಪ್ಪಾಳೆಯೂ ಎಲ್ಲವೂ ಸ್ನೇಹದ್ದಾಗಿರಲಿಲ್ಲ. 1977ರಲ್ಲಿ, ನಲವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡರು. ಮೆಹರುನ್ನಿಸಾ ಮುಂದಿನ ನಾಲ್ಕು ದಶಕ ಆ ಕೆಲಸದ ಜೊತೆಗೇ ಬಾಳಿದರು.

ಮುಸ್ಲಿಂ ಸಮಾಜದಲ್ಲಿ ಸ್ತ್ರೀವಾದಕ್ಕೆ ಭವಿಷ್ಯವಿದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಆ ಸಮಾಜವನ್ನು ಅಲುಗದ ಬಂಡೆಯೆಂದು ಮೊದಲೇ ತೀರ್ಮಾನಿಸಿರುತ್ತಾರೆ. ಚರಿತ್ರೆಯಲ್ಲಿ ಅದು ಹಾಗಿಲ್ಲ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆಯ ಕಥೆಯನ್ನೇ ನೋಡಬಹುದು. ಬ್ರಿಟಿಷ್ ನ್ಯಾಯಾಲಯಗಳು ಪಾಲಿಸುತ್ತಿದ್ದ ಹನಫಿ ವಿಧಿಯಲ್ಲಿ, ಗಂಡ ಬಿಟ್ಟುಹೋದರೂ ಹೊಡೆದರೂ ಹೆಂಡತಿಗೆ ಬಿಡುಗಡೆಯ ದಾರಿ ಇಲ್ಲವೆಂಬಷ್ಟು ಕಿರಿದಾಗಿತ್ತು. ಮತ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತದೆಂದು ತಿಳಿದ ಪಂಜಾಬಿನ ಕೆಲವು ಹೆಂಗಸರು ಮತವನ್ನೇ ಬಿಟ್ಟರು. ಉಲೇಮಾಗಳು ಬೆಚ್ಚಿಬಿದ್ದರು. ಸ್ತ್ರೀವಾದಿಯೆಂದು ಯಾರೂ ಕರೆಯಲಾರದ ಮೌಲಾನಾ ಅಶ್ರಫ್ ಅಲಿ ಥಾನವಿಯವರೇ ಮಾಲಿಕಿ ಪಂಥದ ವಿಧಿಗಳಲ್ಲಿ ಪರಿಹಾರ ಹುಡುಕಿದರು. ನಾಲ್ಕು ವರ್ಷ ಪತ್ತೆಯಿಲ್ಲದ ಗಂಡ, ಎರಡು ವರ್ಷ ಅನ್ನಬಟ್ಟೆ ಕೊಡದ ಗಂಡ, ಹಿಂಸಿಸುವ ಗಂಡ, ಇಂಥವರಿಂದ ಬಿಡುಗಡೆ ಪಡೆಯುವ ಹಕ್ಕು ಹೆಣ್ಣಿಗೆ ಆ ಕಾಯಿದೆಯಿಂದ ಬಂತು. ದಾರಿ ತೋರಿಸಿದವರು ಪಂಡಿತರು, ನಿಜ. ಅವರನ್ನು ಹುಡುಕಲು ಹಚ್ಚಿದವರು ಹೊಸ್ತಿಲು ದಾಟಿದ ಹೆಸರಿಲ್ಲದ ಹೆಂಗಸರು.

ಈ ಹೊಸ್ತಿಲು ದಾಟುವ ಕಥೆಯನ್ನು ಕನ್ನಡಕ್ಕೆ ಮೊದಲು ಒಳಗಿನಿಂದ ಹೇಳಿದವರು ಸಾರಾ ಅಬೂಬಕ್ಕರ್. ಮುಲುಂಡಿನಲ್ಲಿ, ಮುಂಬಯಿಯ ಇತರ ಉಪನಗರಗಳಲ್ಲಿ ಕನ್ನಡ ಓದುವ ನಮ್ಮಲ್ಲಿ ಅನೇಕರ ಬೇರು ತುಳುನಾಡಿನಲ್ಲಿದೆ. ಅವರ ಕಾದಂಬರಿಗಳ ತೆಂಗಿನ ತೋಟ, ಹೊಳೆಯ ದಡ, ಕಡವು ನಮಗೆ ಪರಿಚಿತ. ಪಕ್ಕದ ಬ್ಯಾರಿ ಮನೆಯ ಒಳಕೋಣೆ ಮಾತ್ರ ಪರಿಚಿತವಾಗಿರಲಿಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರ ಮನೆಮಾತು ಮಲಯಾಳ, ಶಾಲೆಯ ಭಾಷೆ ಕನ್ನಡ. ಮುಸ್ಲಿಂ ಹುಡುಗಿಯರು ಪ್ರೌಢಶಾಲೆ ಮುಗಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ವಕೀಲರಾದ ತಂದೆ ಮಗಳನ್ನು ಓದಿಸಿದರು. ಆ ಕನ್ನಡ ಶಾಲೆ ಇಲ್ಲದಿದ್ದರೆ 1981ರಲ್ಲಿ ‘ಲಂಕೇಶ್ ಪತ್ರಿಕೆ’ಗೆ ‘ಚಂದ್ರಗಿರಿಯ ತೀರದಲ್ಲಿ’ ಬರುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ, ಸ್ತ್ರೀವಾದದ ಭವಿಷ್ಯವನ್ನು ಅಳೆಯಲು ಶಾಲೆಯ ಹಾಜರಿ ಪುಸ್ತಕದಷ್ಟು ನಂಬಬಹುದಾದ ದಾಖಲೆ ಬೇರೊಂದಿಲ್ಲ.

ಆ ಕಾದಂಬರಿಯ ನಾದಿರಾ ಗಂಡ ರಶೀದನನ್ನು ಪ್ರೀತಿಸುವವಳು, ಅವನೂ ದುಷ್ಟನಲ್ಲ. ಹಣದ ವಿಷಯಕ್ಕೆ ಅಳಿಯನ ಮೇಲೆ ಮುನಿದ ತಂದೆ ಮಹಮ್ಮದ್ ಖಾನ್ ಮಗಳನ್ನು ತವರಿನಲ್ಲಿ ಉಳಿಸಿಕೊಂಡು ತಲಾಖ್ ಕೊಡಿಸುತ್ತಾನೆ. ಮತ್ತೆ ಒಂದಾಗಬೇಕೆಂದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದಲೂ ತಲಾಖ್ ಪಡೆಯಬೇಕು. ನಾದಿರಾ ಮಸೀದಿಯ ಕೆರೆಯನ್ನು ಆರಿಸಿಕೊಳ್ಳುತ್ತಾಳೆ. ಇಲ್ಲಿ ಖಳನೆಂದು ಬೆರಳು ತೋರಿಸಬಹುದಾದದ್ದು ಮತಕ್ಕಿಂತ ಮೊದಲು ಒಬ್ಬ ಅಪ್ಪನ ಹಟ. ಆ ಹಟಕ್ಕೆ ವಿಧಿ ಒಂದು ಆಯುಧವಾಗಿ ಸಿಕ್ಕಿತು. ಅಂಥ ಅಪ್ಪಂದಿರು ನಮ್ಮ ಕುಟುಂಬಗಳಲ್ಲಿಲ್ಲವೇ? ಕಾದಂಬರಿಯನ್ನು ‘ಅವರ’ ಕಥೆಯೆಂದು ಓದಿ ಮುಗಿಸಿದವರು ಅದನ್ನು ಅರ್ಧ ಮಾತ್ರ ಓದಿದ್ದಾರೆ.

ಅದು ಧಾರಾವಾಹಿಯಾಗಿ ಬಂದ ನಾಲ್ಕೇ ವರ್ಷದಲ್ಲಿ ಇಂದೋರಿನ ಶಾಬಾನು ಪ್ರಕರಣದ ತೀರ್ಪು ಬಂತು. ಆ ವೃದ್ಧೆಗೆ ಹೈಕೋರ್ಟು ನಿಗದಿ ಮಾಡಿದ್ದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. ಸುಪ್ರೀಂ ಕೋರ್ಟು 1985ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಮೊತ್ತಕ್ಕಾಗಿ ದೇಶ ಎರಡಾಯಿತು, 1986ರಲ್ಲಿ ಸಂಸತ್ತು ಹೊಸ ಕಾಯಿದೆ ಮಾಡಿ ತೀರ್ಪನ್ನು ಬದಿಗೆ ಸರಿಸಿತು. ಒಂದು ಪಕ್ಷ ಮತರಕ್ಷಣೆಯ ಹೆಸರಿನಲ್ಲಿ, ಮತ್ತೊಂದು ಪಕ್ಷ ಹೆಣ್ಣಿನ ಹೆಸರಿನಲ್ಲಿ ಕೂಗಿತು. ಆ ಗದ್ದಲದ ದಶಕದಲ್ಲೇ ಮುಂಬಯಿಯ ಶೆಹನಾಜ್ ಶೇಖ್ ತಮ್ಮ ಸ್ವಂತ ತಲಾಖಿನ ಅನುಭವದಿಂದ ವೈಯಕ್ತಿಕ ಕಾನೂನನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದರು. ಅವರಿಂದ ‘ಆವಾಜ್-ಎ-ನಿಸ್ವಾನ್’, ಎಂದರೆ ‘ಹೆಂಗಸರ ದನಿ’, ಎಂಬ ಸಂಘಟನೆ ಬೆಳೆಯಿತು.

2007ರಲ್ಲಿ ಹುಟ್ಟಿದ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನ ಕುರ್‌ಆನ್ ಮತ್ತು ಸಂವಿಧಾನ ಎರಡನ್ನೂ ಹಿಡಿದು ವಾದಿಸುವ ಬಗೆಯನ್ನು ತಂದಿತು. ಹಾಜಿ ಅಲಿ ದರ್ಗಾದ ಗೋರಿಯ ಬಳಿಗೆ ಹೆಂಗಸರನ್ನು ಬಿಡದಂತೆ ಟ್ರಸ್ಟು ತಡೆದಾಗ, ಮೊದಲೆಲ್ಲ ತಾವು ಅಲ್ಲಿಗೆ ಹೋಗಿದ್ದೆವು, ಈ ನಿಷೇಧವೇ ಹೊಸದು ಎಂದು ನೂರ್‌ಜಹಾನ್ ಸಫಿಯಾ ನಿಯಾಜ್ ಮತ್ತು ಝಕಿಯಾ ಸೋಮನ್ ಹೈಕೋರ್ಟಿಗೆ ಹೋದರು. ಸಂಪ್ರದಾಯದ ಹೆಸರಿನ ಎಷ್ಟೋ ನಿರ್ಬಂಧಗಳ ವಯಸ್ಸು ಹೀಗೇ ತೀರಾ ಎಳೆಯದು! 2016ರ ಆಗಸ್ಟ್ 26ರಂದು ಮುಂಬಯಿ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ನವೆಂಬರಿನಲ್ಲಿ ಹೆಂಗಸರು ಒಳಗೆ ಹೋದರು.

ಮರುವರ್ಷ ಆಗಸ್ಟ್ 22ರಂದು, ಶಾಯರಾ ಬಾನು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಒಂದೇ ಸಲಕ್ಕೆ ಹೇಳುವ ಮೂರು ತಲಾಖನ್ನು ರದ್ದುಪಡಿಸಿತು. ಕೌನ್ಸಿಲ್ ಹಾಲಿನ ಮೆರವಣಿಗೆಗೆ ಆಗ ಐವತ್ತೊಂದು ವರ್ಷ. ಮೆಹರುನ್ನಿಸಾ ದಲವಾಯಿ ಅದೇ ಜೂನ್ ತಿಂಗಳಲ್ಲಿ ತೀರಿಕೊಂಡಿದ್ದರು. 2019ರ ಕಾಯಿದೆ ಹಾಗೆ ತಲಾಖ್ ಹೇಳುವವನಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಿದಾಗ, ಈ ಹೋರಾಟದಲ್ಲಿದ್ದ ಹೆಂಗಸರಲ್ಲೇ ಭಿನ್ನಮತವೆದ್ದಿತು: ಗಂಡ ಜೈಲಿಗೆ ಹೋದರೆ ಮನೆಯ ಒಲೆ ಉರಿಸುವವರು ಯಾರು? ಈ ಪ್ರಶ್ನೆಯನ್ನು ಮೌಲ್ವಿಗಳ ವಕಾಲತ್ತೆಂದು ತಳ್ಳಿಹಾಕುವುದು ಅನ್ಯಾಯ.

ಕರ್ನಾಟಕದಲ್ಲಿ ಈ ಎರಡು ಕಡೆಯ ಒತ್ತಡವನ್ನು ಬಾನು ಮುಷ್ತಾಕರಷ್ಟು ಅನುಭವಿಸಿದವರು ಕಡಿಮೆ. ಹಾಸನದಲ್ಲಿ ವಕೀಲರಾಗಿರುವ ಈ ಕಥೆಗಾರ್ತಿ, ಹೆಂಗಸರಿಗೂ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರವನ್ನು ಎದುರಿಸಿದರು. 2022ರಲ್ಲಿ ಉಡುಪಿಯ ಕಾಲೇಜಿನಿಂದ ಹಿಜಾಬ್ ವಿವಾದ ಹಬ್ಬಿದಾಗ ಹುಡುಗಿಯರ ಆಯ್ಕೆಯ ಪರ ನಿಂತರು. ಇದರಲ್ಲಿ ವಿರೋಧಾಭಾಸ ಕಾಣುವವರಿದ್ದಾರೆ, ನನಗೆ ಕಾಣುವುದಿಲ್ಲ. ಹೆಣ್ಣಿನ ತಲೆಯ ಮೇಲೆ ಬಟ್ಟೆ ಹೊದಿಸುವ ಕೈಯೂ ತೆಗೆಯುವ ಕೈಯೂ ಅವಳದಾಗಿರಬೇಕು ಎಂಬ ಒಂದೇ ಮಾತು ಎರಡು ಕಡೆಗೂ ಸಲ್ಲುತ್ತದೆ.

2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಅನುವಾದದಲ್ಲಿ ಬಾನು ಅವರ ಹನ್ನೆರಡು ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಮುಂಬಯಿಯ ಕನ್ನಡಿಗರೂ ಹೆಮ್ಮೆಪಟ್ಟೆವು. ನಾಲ್ಕು ತಿಂಗಳ ಬಳಿಕ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಎದ್ದಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟ ಹತ್ತಿ, ದೇವಿಗೆ ಹೂವೇರಿಸಿ, ದಸರಾ ಉದ್ಘಾಟಿಸಿದರು.